ಎರಡನೇ ಕೈ

ಹಾಸನದ ಕಾಫಿ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸರಿಗೆ ಹೊನ್ನಕ್ಕ ಮೇಸ್ತ್ರಿಯಾದಳು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗಾಯಿತು. ಕೆಲಸ ಎಲ್ಲಿ ದಂಡವಾಗುತ್ತಿದೆ, ನೋಡಿ ಹೇಳು ಎಂದು ಮ್ಯಾನೇಜರ್ ಪಂಚಾಕ್ಷರಯ್ಯ ಹೇಳಿದ್ದೇ ತಡ, ಅವಳ ಕಣ್ಣಿಗೆ ಬಿತ್ತು.

ಆರಿಸಿದ ಮೊರವನ್ನು ಯಾರೂ ನೇರ ತೂಕಕ್ಕೆ ತರುತ್ತಿರಲಿಲ್ಲ. ಪಕ್ಕದವಳಿಗೆ ಕೊಡುವುದು, ಅವಳು ಇನ್ನೊಮ್ಮೆ ಕೈಯಾಡಿಸಿ ಉಳಿದ ಕೆಟ್ಟ ಕರಿಬೀಜ ತೆಗೆಯುವುದು. ತಾನು ಇಲ್ಲಿ ಕೆಲಸ ಕಲಿತಾಗ ಈ ರೂಢಿ ಇರಲಿಲ್ಲ. ಆಮೇಲೆ ಅವಳು ಕೆಲವು ವರ್ಷ ಬೀಜ ಒಣಗಿಸುವ ಅಂಗಳದಲ್ಲಿದ್ದಳು. ಮ್ಯಾನೇಜರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ಯಾಕಿಂಗೆ?" ಎಂದು ಗದರಿದಳು.

"ಅಂಗೇ ಸುಮ್ಕೆ," ಎಂದರು ಹೆಂಗಸರು.

ಒಂದೇ ಕೆಲಸಕ್ಕೆ ಎರಡು ಕೈ! ಹೊನ್ನಕ್ಕ ಅದನ್ನು ನಿಲ್ಲಿಸಿದಳು. ವಾರದೊಳಗೆ ಹೆಚ್ಚು ಮೂಟೆ ತುಂಬಿತು. ಪಂಚಾಕ್ಷರಯ್ಯ ಎಲ್ಲರೆದುರು ಹೊಗಳಿದರು, ಇವಳು ಉಬ್ಬಿಹೋದಳು.

ಆ ವಾರ ರಜೆಯಲ್ಲಿದ್ದ ಮಾದಮ್ಮ ಮರಳಿದಳು, ಅವಳ ಮೊರ ನೇರ ತೂಕಕ್ಕೆ ಬಂತು. ಕರಿಬೀಜವೆಲ್ಲ ಅದರಲ್ಲೇ ಇತ್ತು. ಹೊನ್ನಕ್ಕನನ್ನು ಹರದನಹಳ್ಳಿಯಿಂದ ಕರೆತಂದು ಕೆಲಸ ಕಲಿಸಿದವಳೇ ಈ ಮಾದಮ್ಮ.

ಆರಿಸುವವರಲ್ಲೊಬ್ಬಳಾದ ಪುಟ್ಟತಾಯಮ್ಮ ಹೊನ್ನಕ್ಕನನ್ನು ಗೋಡೆಯ ಮರೆಗೆ ಎಳೆದುಕೊಂಡಳು. "ಮಾದವ್ವಂಗೆ ಕಣ್ಣು ಮಂಜಾಗೈತೆ ಕಣೆ. ಅವಳೊಬ್ಬಳ ಮೊರ ತಿದ್ದಿದ್ರೆ ಗೊತ್ತಾಗ್ಬುಡ್ತದೆ ಅಂತ ಎಲ್ರೂ ಬದಲಾಯ್ಸ್ಕೊತಿದ್ವಿ."

"ನಂಗ್ಯಾಕೆ ಏಳ್ಲಿಲ್ಲ?"

"ನೀನು ಮ್ಯಾನೇಜರ್ ಮುಂದೆ ಕೇಳ್ದೆ. ಏನಂತ ಏಳಾನ?"

ಹೊನ್ನಕ್ಕ ಮ್ಯಾನೇಜರ ಹತ್ತಿರ ಓಡಿದಳು. "ಹಳೇದೇ ಇರ್ಲಿ ಸಾ. ಮಾದವ್ವನ ಮೊರ ನಾನೇ ನೋಡ್ಕೊತೀನಿ."

"ನಿನ್ನದೇ ಉಪಾಯ ಅಲ್ಲವೇನಮ್ಮ? ಲಾಭ ಕಂಡ ಮೇಲೆ ಹಿಂದಕ್ಕೆ ಹೋಗೋದುಂಟೇ?" ಎಂದು ಪಂಚಾಕ್ಷರಯ್ಯ ನಕ್ಕರು. ಆ ಮೊರ ಅವರ ಕಣ್ಣಿಗೂ ಬಿದ್ದಿತ್ತು. ಕೆಟ್ಟವರೇನಲ್ಲ, ಆದರೆ ಕಾಣದವಳನ್ನು ಆರಿಸಲು ಕೂರಿಸುವುದು ಅವರ ತಲೆಗೆ ಹತ್ತಲಿಲ್ಲ. ಶನಿವಾರದಿಂದ ಮಾದಮ್ಮ ಬರುವುದು ಬೇಡವೆಂದರು.

ಅಂದು ಸಂಜೆ ಮಾದಮ್ಮ ಬಾಗಿಲ ಬಳಿ ತಡವರಿಸುತ್ತಿದ್ದಳು. ಹೊನ್ನಕ್ಕ ಹೋಗಿ ಕೈ ಹಿಡಿದಳು. ತಪ್ಪಾಯ್ತವ್ವಾ ಎನ್ನಬೇಕೆಂದಿದ್ದಳು.

"ಪುಟ್ಟತಾಯೀನಾ?" ಎಂದಳು ಮಾದಮ್ಮ, ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು. "ಹೊನ್ನೀನ ಯಾರೂ ಬಯ್ಬ್ಯಾಡ್ರವ್ವ. ಗೊತ್ತಿದ್ರೆ ಅಂಗೆ ಮಾಡೋ ಮಗ ಅಲ್ಲ ಅದು."

ದನಿ ಕೇಳಿದರೆ ಮಾದಮ್ಮ ಕೈ ಬಿಟ್ಟುಬಿಟ್ಟಾಳು ಎಂಬ ಭಯಕ್ಕೆ, ಹೊನ್ನಕ್ಕ ಪುಟ್ಟತಾಯಮ್ಮನಾಗಿಯೇ ಅವಳನ್ನು ಬಸ್ಸಿನವರೆಗೂ ನಡೆಸಿಕೊಂಡು ಹೋದಳು.