ಯಾಮ್ನಾಳ ಬೆನ್ನು ಒತ್ತಲು ಒಪ್ಪದ ತಾಮು

ಸೆಫ್ರೂ ಊರಿನ ಹೆಂಗಸರಿಗೆ ಗುರುವಾರ ಹಮ್ಮಾಮಿನಲ್ಲಿ, ಅಂದರೆ ಊರ ಸ್ನಾನದ ಮನೆಯಲ್ಲಿ, ಬಿಸಿನೀರಿನ ಸ್ನಾನದ ದಿನ. ಎಪ್ಪತ್ತೈದರ ಯಾಮ್ನಾ ಅಂದು ಸೊಸೆ ಬುಶ್ರಾಳ ತೋಳು ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಬಂದಳು. ಹತ್ತು ದಿನದ ಹಿಂದೆ ಒದ್ದೆ ಕಂಬಳಿಯ ಬುಟ್ಟಿಯನ್ನು ಬಗ್ಗಿ ಎತ್ತುವಾಗ ಬೆನ್ನಿಗೆ ಚಳುಕು ಹಿಡಿದಿತ್ತು. ಶನಿವಾರ ಮರಿಮಗುವಿಗೆ ಹೆಸರಿಡುವ ಊಟ. ಮನೆಯ ಅಷ್ಟೂ ಕೂಸುಗಳಿಗೆ ಹೆಸರಿಟ್ಟದ್ದು ಅವಳ ತೊಡೆಯ ಮೇಲೆಯೇ. ಈ ಸಲ ಹಾಸಿಗೆ ಹಿಡಿದುಬಿಟ್ಟರೆ?

ಅಲ್ಲಿ ಮೈ ಉಜ್ಜಿ, ಬೆನ್ನು ಒತ್ತುವ ಕೆಲಸದ ತಾಮುವನ್ನು ಕಂಡದ್ದೇ, "ಉಜ್ಜೋದು ಆಮೇಲೆ ಕಣೇ. ಮೊದ್ಲು ಮಂಡಿ ಊರಿ ಬೆನ್ನು ಒತ್ತು. ಲಟಕ್ ಅಂದ್ರೆ ಎಲ್ಲಾ ಸರಿಹೋಗುತ್ತೆ" ಎಂದು ಬಿಸಿಕಲ್ಲಿನ ಮೇಲೆ ಬೋರಲು ಮಲಗಿದಳು.

ತಾಮು ಬೆನ್ನು ಸವರಿ ಕೈ ಹಿಂದೆಗೆದಳು. "ಇವತ್ತು ಒತ್ತಲ್ಲ, ಯಾಮ್ನಮ್ಮ."

"ಯಾಕೆ, ಕೈಯಲ್ಲಿ ಕಸುವು ಹೋಯ್ತಾ?"

"ನನ್ನ ಕೈಲಿದೆ. ನಿಮ್ಮ ಮೂಳೇಲಿ ಇದೆಯೋ ಇಲ್ವೋ! ಇಪ್ಪತ್ತು ವರ್ಷದಿಂದ ಉಜ್ತಿದೀನಿ. ಹಲಗೆ ಹಾಗಿದ್ದ ಬೆನ್ನು ಈಗ ಗೂನಾಗಿದೆ. ನಾವಿಬ್ರೂ ಸಮ ಎತ್ತರ ಇದ್ವಿ. ಈಗ ನಿಮ್ಮ ನೆತ್ತಿ ನನ್ನ ಕಿವಿಗೆ ಬರುತ್ತೆ."

"ಮುದುಕಿ ಕುಗ್ಗದೆ ಬೆಳೀತಾಳೇನೇ?"

"ನಮ್ಮಕ್ಕನೂ ಹೀಗೇ ಅಂದು ಯಾರ ಹತ್ರವೋ ಒತ್ತಿಸ್ಕೊಂಡ್ಳು. ಎರಡು ತಿಂಗಳು ಮಗ್ಗುಲು ಬದಲಿಸೋಕಾಗ್ಲಿಲ್ಲ. ಬೇಕಾದ್ರೆ ಬೈಕೊಳ್ಳಿ, ನಾನು ಮುಟ್ಟಲ್ಲ."

ಯಾಮ್ನಾ ಮುಖ ಊದಿಸಿಕೊಂಡೇ ಮನೆಗೆ ಹೋದಳು. ಆದರೆ ಬೆನ್ನು ಒತ್ತಿಯೇ ಬದುಕುವವಳು ಒಲ್ಲೆ ಎಂದದ್ದು ಮನಸ್ಸಿಗೆ ತಾಗಿತ್ತು. ಮರುದಿನ ಬೆಳಿಗ್ಗೆ ಬುಶ್ರಾಳನ್ನು ತಾನೇ ಹೊರಡಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು.

ಎಕ್ಸ್-ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಮುಂದುಗಡೆ ಚಪ್ಪಟೆಯಾಗಿತ್ತು. ಅದರ ಮೇಲಿನದು ಯಾವಾಗಲೋ ಸದ್ದಿಲ್ಲದೆ ಕುಸಿದಿತ್ತು.

"ನಾನು ಬೀಳ್ಲೇ ಇಲ್ವಲ್ಲ ಡಾಕ್ಟ್ರೇ!"

"ಬೀಳ್ಬೇಕಾಗಿಲ್ಲಮ್ಮ. ಮುಟ್ಟು ನಿಂತ ಮೇಲೆ ಮೂಳೆ ಒಳಗೊಳಗೇ ಸವೆಯುತ್ತೆ. ಬಗ್ಗಿ ಭಾರ ಎತ್ತಿದ್ರೂ ಮುರೀಬಹುದು. ಇದು ವಾಸಿಯಾಗುತ್ತೆ. ಇನ್ನೊಂದು ಮುರೀದಂಗೆ ನೋಡ್ಕೊಳ್ಳೋಣ." ಡಾಕ್ಟರು ನೋವಿಗೂ ಮೂಳೆಗೂ ಔಷಧಿ ಬರೆದರು. ದಿನವೂ ಹಾಲು ಇಲ್ಲವೇ ಮಜ್ಜಿಗೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಎಳ್ಳು. ತಾರಸಿಯಲ್ಲಿ ತೋಳಿಗೆ ಒಂದಿಷ್ಟು ಬಿಸಿಲು. ನೋವು ತಗ್ಗಿದಂತೆ ನಡಿಗೆ ಎಂದರು.

ಯಾಮ್ನಾ ಸಣ್ಣ ದನಿಯಲ್ಲಿ ಕೇಳಿದಳು, "ಮಗು ಎತ್ಕೋಬಹುದಾ?"

"ಬಗ್ಗಿ ಎತ್ಬೇಡಿ. ದಿಂಬಿಗೆ ಒರಗಿ ಕೂತ್ಕೊಳ್ಳಿ. ಅವರೇ ತಂದು ತೊಡೆ ಮೇಲೆ ಇಡ್ಲಿ."

ಶನಿವಾರ ಹಾಗೆಯೇ ಆಯಿತು. ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಊಟಕ್ಕೆ ಬಂದ ತಾಮುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಯಾಮ್ನಾ ಸೊಸೆಯನ್ನು ಕರೆದಳು: "ಬುಶ್ರಾ, ನಿಂಗೂ ಐವತ್ತು ದಾಟ್ತು. ಸೋಮವಾರ ನೀನೂ ಡಾಕ್ಟ್ರಿಗೆ ಮೂಳೆ ತೋರಿಸ್ಕೋ. ನಾನು ಜೊತೆಗೆ ಬರ್ತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿರಿಯರು ಮೊದಲಿಗಿಂತ ಎರಡು ಬೆರಳಗಲ ಕುಗ್ಗಿದ್ದಾರೆಯೇ? ಬೆನ್ನು ಬಾಗಿದೆಯೇ, ದಿಢೀರನೆ ನೋವು ಬಂದಿದೆಯೇ? ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಒತ್ತಿಸಬೇಡಿ, ತುಳಿಸಬೇಡಿ, ಡಾಕ್ಟರಿಗೆ ತೋರಿಸಿ. ಒಂದು ಮೂಳೆ ಕುಸಿದಾಗಲೇ ಎಚ್ಚೆತ್ತರೆ ಉಳಿದವನ್ನು ಕಾಪಾಡಿಕೊಳ್ಳಬಹುದು.