ಸೂಜಕ್ಕನ ಹೊಟ್ಟೆಕಿಚ್ಚು

ಬಟ್ಟೆ ಒಗೆಯುವ ಅಂಗಡಿಯೊಂದರ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಕಂಡವರ ಪ್ಯಾಂಟು ಗಿಡ್ಡ ಮಾಡುತ್ತ, ಕಿತ್ತುಹೋದ ಜಿಪ್ಪು ಕೂಡಿಸುತ್ತ ಇದ್ದ ಹೆಂಗಸನ್ನು ಎಲ್ಲರೂ ಸೂಜಕ್ಕ ಎನ್ನುತ್ತಿದ್ದರು. ಕೈಯಲ್ಲಿ ಸದಾ ಸೂಜಿ ಇರುವುದರಿಂದ ಆ ಹೆಸರು ಬಂತೆಂದು ಅವಳು ನಂಬಿದ್ದಳು. ಅದು ನಾಲಿಗೆ ನೋಡಿ ಇಟ್ಟದ್ದೆಂದು ಗಿರಾಕಿಗಳಿಗೆ ಗೊತ್ತಿತ್ತು. ಮದುವೆಯ ಗೋಜಿಗೆ ಹೋದವಳಲ್ಲ. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ತನ್ನ ಮನೆಗೇ ಕರೆತಂದು ಮೂರು ಹೊತ್ತೂ ಬೇಯಿಸಿ ಹಾಕುತ್ತಿದ್ದಳು. ಲಿಫ್ಟ್ ರಿಪೇರಿಯ ಕೆಲಸದಿಂದ ನಿವೃತ್ತನಾದ ಅಪ್ಪನಿಗೆ ಮಾತು ಕಮ್ಮಿ. ಮುಂದಿಟ್ಟಿದ್ದನ್ನು ಉಂಡು, "ಚೆನ್ನಾಗಿದೆ" ಎಂದು ಏಳುತ್ತಿದ್ದ. ಆ ಒಂದು ಮಾತು ಸೂಜಕ್ಕನಿಗೆ ಸಾಕಾಗಿತ್ತು.

ಒಂದು ಭಾನುವಾರ ತಮ್ಮನೂ ಅವನ ಹೆಂಡತಿಯೂ ಊಟಕ್ಕೆ ಬಂದರು. ಅವಳು ದೊಡ್ಡ ದಿನಸಿ ಅಂಗಡಿಯಲ್ಲಿ ಚೀಸು, ಮಾಂಸ ಕತ್ತರಿಸಿ ಕೊಡುವ ಕೌಂಟರಿನವಳು. ಬರುವಾಗ ಬರಿಗೈಯಲ್ಲಿ ಬಾರದೆ ಒಂದು ಪಾತ್ರೆ ಪಾಸ್ತಾ ಮಾಡಿ ತಂದಿದ್ದಳು. ಮುಚ್ಚಳ ತೆಗೆದರೆ ಒಳಗೆಲ್ಲ ಕೆಂಪಗೆ ಮಿನುಗುವ ಎಣ್ಣೆ. ಇದಕ್ಕೆ ಎನ್‌ದೂಯಾ ಎಂಬ ಇಟಲಿಯ ಸಾಸೇಜು ಹಾಕಿದ್ದೇನೆ ಎಂದಳು. ಹಂದಿಯ ಕೊಬ್ಬಿಗೆ ಒಣಮೆಣಸು ಧಾರಾಳವಾಗಿ ಅರೆದು ತಿಂಗಳುಗಟ್ಟಲೆ ಮಾಗಿಸುತ್ತಾರಂತೆ, ಬೆಣ್ಣೆಯ ಹಾಗೆ ಮೆತ್ತಗಿರುತ್ತದಂತೆ.

ಸೂಜಕ್ಕ ಒಂದು ತುತ್ತು ತಿಂದು ನೀರಿನ ಲೋಟಕ್ಕೆ ಕೈ ಹಾಕಿದಳು. ಅಪ್ಪನ ಹಣೆ ಬೆವರಿತು, ಮೂಗು ಸೋರಿತು. ಆದರೂ ಅವನು ಬಾಚಿ ಬಾಚಿ ತಿಂದ. ಮತ್ತೊಮ್ಮೆ ತಟ್ಟೆ ಚಾಚಿದ. ಉಳಿದ ಎಣ್ಣೆಯನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ಬಾಯಿಗೆ ಹಾಕಿಕೊಂಡು, ಮುಂದಿನ ವಾರವೂ ಇದನ್ನೇ ತಾರಮ್ಮ ಎಂದು ಸೊಸೆಗೆ ಹೇಳಿದ. ಸೂಜಕ್ಕ ಬೆಳಗಿನಿಂದ ಕುದಿಸಿದ ಕೋಳಿ ಸೂಪು ಮೇಜಿನ ಮೇಲೆ ಕೆನೆ ಕಟ್ಟುತ್ತ ಕೂತಿತ್ತು.

ಹಿಂದಿನ ವರ್ಷ ದೊಡ್ಡ ಜ್ವರ ಬಂದು ಹೋದಾಗಿನಿಂದ ಅಪ್ಪ ಯಾವುದನ್ನೂ ಎರಡನೇ ಸಲ ಹಾಕಿಸಿಕೊಂಡಿರಲಿಲ್ಲ. ವಯಸ್ಸಾಯಿತು, ಹಸಿವು ಕಮ್ಮಿ ಎಂದು ಸೂಜಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ನೋಡಿದರೆ ಹಸಿವೇನೋ ಇತ್ತು, ಅವಳ ಅಡುಗೆಯ ಮೇಲೆ ಇರಲಿಲ್ಲ. ಅದನ್ನೇ ನೆನೆಯುತ್ತ, ಮರುದಿನ ಅಂಗಡಿಯಲ್ಲಿ ಮದುಮಗನೊಬ್ಬನ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನ ಹತ್ತಿರ ಹತ್ತಿರ ಕತ್ತರಿಸಿಬಿಟ್ಟಳು. ಕೇಳಲು ಬಂದವನಿಗೇ ನಾಲ್ಕು ಮಾತು ಅಂದು ಕಳಿಸಿದಳು.

ಅವಳು ಮಾಡಿದ್ದನ್ನು ನಾನು ಮಾಡಲಾರೆನೇ ಎಂಬ ಹಠ ಹುಟ್ಟಿತು. ತಮ್ಮನ ಹೆಂಡತಿಯ ಅಂಗಡಿಯ ಕಡೆ ತಲೆ ಹಾಕದೆ, ಎರಡು ಬಸ್ಸು ಬದಲಿಸಿ ಬೇರೆ ಕಡೆಯಿಂದ ಅದೇ ಸಾಸೇಜು ತಂದಳು. ಅಪ್ಪ ಹೊರಗೆ ಅಡ್ಡಾಡಲು ಹೋದಾಗ ಬಾಣಲೆ ಇಟ್ಟು, ಉರಿ ಜೋರು ಮಾಡಿ, ಇಡೀ ಉಂಡೆಯನ್ನು ಹಾಕಿದಳು. ಕೊಬ್ಬು ಕರಗುವ ಮೊದಲೇ ಮೆಣಸು ಹತ್ತಿತು. ಘಾಟಿಗೆ ಕಣ್ಣು ಬಿಡಲಾಗಲಿಲ್ಲ. ಪಕ್ಕದ ಮನೆಯವರು ಕೆಮ್ಮುತ್ತ ಕಿಟಕಿ ಮುಚ್ಚಿದರು. ಬಾಣಲೆಯ ತಳ ಕರಕಲು, ಪಾಸ್ತಾ ಕಪ್ಪು. ನಾಲಿಗೆಗೆ ಸೋಕಿಸಿದರೆ ಬೇವಿನಷ್ಟು ಕಹಿ. ಚೆಲ್ಲಬೇಕು ಎನ್ನುವಷ್ಟರಲ್ಲಿ ಅಪ್ಪ ಬಂದು ಮೇಜಿಗೆ ಕೂತಾಗಿತ್ತು. ಎಲ್ಲಿ, ನೋಡೋಣ ಎಂದು ತಾನೇ ಬಡಿಸಿಕೊಂಡು ಉಣ್ಣತೊಡಗಿದ.

"ಚೆನ್ನಾಗಿದೆ" ಎಂದ.

ಎಂದಿನ ದನಿ. ಸೂಪಿಗೂ ಅದೇ, ಗಂಜಿಗೂ ಅದೇ. ಸೂಜಕ್ಕ ಕುರ್ಚಿ ಎಳೆದು ಎದುರಿಗೆ ಕೂತಳು.

"ಅಪ್ಪ, ಇದು ಸುಟ್ಟುಹೋಗಿದೆ. ನಾಯಿ ಕೂಡ ಮೂಸಲ್ಲ."

ಅಪ್ಪ ಫೋರ್ಕು ಕೆಳಗಿಟ್ಟ. ಆಮೇಲೆ ಇದ್ದದ್ದನ್ನು ಹೇಳಿದ. ಆ ಜ್ವರ ಅವನ ರುಚಿಯನ್ನೂ ವಾಸನೆಯನ್ನೂ ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಬಾಯಿಗೆ ಹಾಕಿದ್ದೆಲ್ಲ ಹತ್ತಿ ಅಗಿದ ಹಾಗೆ. ಖಾರದ ಉರಿಯೊಂದು ಮಾತ್ರ ಅಷ್ಟಿಷ್ಟು ತಿಳಿಯುತ್ತಿತ್ತು; ಕರಕಲಾದ ಇದರಲ್ಲಿ ಅದೂ ಇರಲಿಲ್ಲ. ಅಷ್ಟು ದಿನ ಸೂಜಕ್ಕ ಉಪ್ಪು ಹುಳಿ ನೋಡಿ ನೋಡಿ ಹಾಕಿದ್ದೆಲ್ಲ ನೀರಿನಲ್ಲಿ ಹೋಮವಾಗಿತ್ತು. ಆದರೆ ಅಳು ಬರುವ ಮೊದಲು, ತಮ್ಮನ ಹೆಂಡತಿಯ ಖಾರದ ಪಾಸ್ತಾ ನೆನಪಾಗಿ, ಬೇರೊಂದು ಹೊಳೆಯಿತು.

"ಅವಳಿಗೆ ಗೊತ್ತಾ?"

"ಗೊತ್ತು. ನಿನಗೆ ಹೇಳಿದ್ರೆ ನೀನು ನೊಂದ್ಕೋತೀಯ. ಅವಳಿಗೆ ಹೇಳೋದು ಸುಲಭ ಆಯ್ತು."

ಪಾಸ್ತಾದ ಹೊಟ್ಟೆಕಿಚ್ಚನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಅಪ್ಪ ಸ್ವಂತ ಮಗಳಿಂದ ಬಚ್ಚಿಟ್ಟು ನಿನ್ನೆ ಮೊನ್ನೆ ಮನೆಗೆ ಬಂದವಳ ಕಿವಿಗೆ ಹಾಕಿದನಲ್ಲ, ಅದನ್ನು ಮಾತ್ರ ನುಂಗಲಾಗಲಿಲ್ಲ. ಮಾರನೆಯ ದಿನ ಅಂಗಡಿಗೆ ರಜೆ ಹಾಕಿ ಜಗಳಕ್ಕೆಂದೇ ತಮ್ಮನ ಹೆಂಡತಿಯ ಕೌಂಟರಿಗೆ ಹೋದಳು. ಅವಳು ತಲೆಗೆ ಬಲೆಯ ಟೋಪಿ ಹಾಕಿಕೊಂಡು ಯಂತ್ರದಲ್ಲಿ ಮಾಂಸ ಕತ್ತರಿಸುತ್ತಿದ್ದಳು. ಅತ್ತಿಗೆಯ ಮುಖ ನೋಡಿದ್ದೇ ಯಂತ್ರ ನಿಲ್ಲಿಸಿದಳು.

ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಸೂಜಕ್ಕ ಕೇಳಿದಳು. ಮಾವ ಆಣೆ ಹಾಕಿಸಿಕೊಂಡಿದ್ದರು ಎಂದಳು ಅವಳು. ಕೈಗವಸು ಕಳಚುತ್ತ, ಇನ್ನೂ ಏನೋ ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳಿಯೇಬಿಟ್ಟಳು.

"ನಿಮ್ಮ ತಮ್ಮ ಮನೇಲಿ ದಿನಾ ಅಕ್ಕನ ಕೈರುಚಿ, ಅಕ್ಕನ ಕೈರುಚಿ ಅಂತಾರೆ. ನನಗೆ ಕೇಳಿ ಕೇಳಿ ಮೈ ಉರಿದುಹೋಗಿದೆ. ಮಾವ ಒಬ್ಬರಾದ್ರೂ ನನ್ನದು ಬೇಕು ಅಂದ್ರಲ್ಲ ಅಂತ ಖುಷಿಯಾಯ್ತು ಅತ್ತಿಗೆ. ಆಣೆ ಇಲ್ಲದಿದ್ರೂ ಹೇಳ್ತಿರಲಿಲ್ಲವೇನೋ."

ತನ್ನ ಮೇಲೂ ಒಬ್ಬರು ಹೊಟ್ಟೆ ಉರಿದುಕೊಂಡಿದ್ದರು ಎನ್ನುವುದು, ಹೇಳಲು ನಾಚಿಕೆಯಾದರೂ, ಸೂಜಕ್ಕನಿಗೆ ತುಸು ತಂಪೆನಿಸಿತು. ಬಂದ ಜಗಳ ಬಿಟ್ಟು, ಹೇಗೆ ಮಾಡ್ತೀಯ ಅದನ್ನ, ಹೇಳಿಕೊಡು ಎಂದಳು.

ಆ ಸಂಜೆ ಇಬ್ಬರೂ ಸೂಜಕ್ಕನ ಒಲೆಯ ಮುಂದೆ ನಿಂತರು. ಉರಿ ಸಣ್ಣಗಿರಬೇಕು, ಸಾಸೇಜನ್ನು ಮರದ ಸೌಟಿನ ಬೆನ್ನಿನಿಂದ ಒತ್ತಿ ಒತ್ತಿ ಕರಗಿಸಬೇಕು, ಕೆಂಪು ಎಣ್ಣೆ ಬಿಟ್ಟ ಮೇಲೆ ಈರುಳ್ಳಿ, ಆಮೇಲೆ ಟೊಮೆಟೊ. ಪಾಸ್ತಾವನ್ನು ತುಸು ಗಟ್ಟಿ ಇರುವಾಗಲೇ ಬಸಿದು, ಅದು ಬೆಂದ ನೀರನ್ನು ಸ್ವಲ್ಪ ಸೇರಿಸಿ ಅದರಲ್ಲೇ ಹೊರಳಿಸಬೇಕು. ಕಲಿಸಿದವಳು ಗಂಡನಿಗೆ ಊಟಕ್ಕೆ ಹೊತ್ತಾಯಿತೆಂದು ಹೊರಟಳು. ಬಡಿಸುವ ಕೆಲಸ ತನಗೊಬ್ಬಳಿಗೇ ಸಿಕ್ಕಿತೆಂದು ಸೂಜಕ್ಕ ಅವಳನ್ನು ಒತ್ತಾಯಿಸಿ ನಿಲ್ಲಿಸಿಕೊಳ್ಳಲಿಲ್ಲ.

ಚೆನ್ನಾಗಿದೆ ಅನ್ನಬಾರದು, ಬಾಯಲ್ಲಿ ಏನಾಗುತ್ತದೋ ಅದನ್ನೇ ಹೇಳಬೇಕು ಎಂದು ಅಪ್ಪನಿಗೆ ತಾಕೀತು ಮಾಡಿ ತಟ್ಟೆ ಮುಂದಿಟ್ಟಳು. ಅಪ್ಪ ಒಂದು ತುತ್ತು ತಿಂದ. ಕಣ್ಣು ಮುಚ್ಚಿ ಇನ್ನೊಂದು ತುತ್ತು ನಿಧಾನವಾಗಿ ಅಗಿದ.

"ನಾಲಿಗೆ ತುದಿ ಚುರುಗುಡ್ತಿದೆ" ಎಂದ. ಆಮೇಲೆ, ಆಜ್ಞೆ ಪಾಲಿಸುವವನ ಪ್ರಾಮಾಣಿಕತೆಯಿಂದ, "ಅವಳದ್ದು ಗಂಟಲವರೆಗೂ ಹೋಗುತ್ತೆ" ಎಂದು ಸೇರಿಸಿದ.

ಸೂಜಕ್ಕ ಅವನ ಮುಂದಿನ ತಟ್ಟೆ ಎತ್ತಿಕೊಂಡು, ಇನ್ನಷ್ಟು ಸಾಸೇಜು ಬೆರೆಸಲು ಒಲೆಯ ಕಡೆ ನಡೆದಳು.