ಒಗೆಯದೆ ಬಂದವಳು

"ಎಷ್ಟು ಸಲ ಹೊರಗೆ ಹೋಗ್ತೀಯೇ ಮುದುಕಿ? ಒಳಗೇನು ಒಲೆ ಹಚ್ಕೊಂಡಿದ್ದೀಯಾ?"

ಲಾಂಡ್ರಿಯ ಸೂಪರ್‌ವೈಸರ್ ಬಾಗಿಲಿಗೆ ಕಾಲು ಅಡ್ಡವಿಟ್ಟು ನಿಂತಿದ್ದ. ದೊಡ್ಡಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಇಸ್ತ್ರಿ ಯಂತ್ರದ ಹಬೆಯನ್ನು ಇಪ್ಪತ್ತೆರಡು ವರ್ಷದಿಂದ ತಿಂದು ಜೀರ್ಣಿಸಿಕೊಂಡವಳು ಅವಳು. ಮುಟ್ಟು ನಿಂತ ಮೇಲೆ ಶುರುವಾದ ಈ ಇನ್ನೊಂದು ಬಿಸಿ ಮಾತ್ರ ಬಗ್ಗುತ್ತಿರಲಿಲ್ಲ. ಎದೆಯಿಂದ ಎದ್ದು ಕಿವಿಯ ತುದಿಯವರೆಗೆ ಏರಿ, ಬೆನ್ನೆಲ್ಲ ತೋಯಿಸಿಯೇ ಇಳಿಯುತ್ತಿತ್ತು.

"ಎರಡು ನಿಮಿಷ ಗಾಳಿಗೆ ನಿಂತ್ಕೋತೀನಿ ಸಾರ್."

"ಗಾಳಿ ಬೇಕಾದ್ರೆ ಮನೇಲಿ ಬಿದ್ಕೋ. ನಿನ್ನ ಜಾಗಕ್ಕೆ ಹರೆಯದೋಳು ಬರ್ತಾಳೆ. ಬೆವರಿದ್ರೂ ನೋಡೋಕೆ ಚೆನ್ನಾಗಿರುತ್ತೆ."

ಬಟ್ಟೆಗಂಟು ಇಳಿಸುತ್ತಿದ್ದ ಗಂಡಸರು ಕಿಸಕ್ಕನೆ ನಕ್ಕರು.

"ನಿಮ್ಮವ್ವಂದಿರನ್ನ ನೋಡಿ ನಗ್ರೋ ಬೋಳಿಮಕ್ಕಳಾ," ಎಂದಳು ತೊಟ್ಟಿಯ ಹತ್ತಿರವಿದ್ದ ಗಿಡ್ಡಿ. "ಅವರೂ ಹಿಂಗೇ ಬೆವರಿರ್ತಾರೆ. ನೀವು ಅನ್ನ ತಿಂತಾ ಕೂತಿರ್ತೀರಿ, ಕಂಡಿರಲ್ಲ."

ಅದು ಆಸ್ಪತ್ರೆಯ ನೆಲಮಾಳಿಗೆ. ಮೇಲಿನ ಆರು ಮಹಡಿಗಳ ಹಾಸಿಗೆ ಹಾಸುಗಳೆಲ್ಲ ಗಂಟಾಗಿ ಅಲ್ಲಿಗೆ ಇಳಿಯುತ್ತಿದ್ದವು. ದೊಡ್ಡಕ್ಕನಿಗೆ ಮಧ್ಯಾಹ್ನ ಇಸ್ತ್ರಿ, ಬೆಳಿಗ್ಗೆ ಗಂಟು ಬಿಚ್ಚಿ ಕಲೆ ನೋಡುವ ಕೆಲಸ. ರಕ್ತದ್ದು ಮೊದಲು ತಣ್ಣೀರಿಗೆ. ಬಿಸಿನೀರು ಸೋಕಿದರೆ ಕಲೆ ಕಚ್ಚಿಕೊಂಡು ಕೂರುತ್ತದೆ. ಹೆರಿಗೆಯ ರಕ್ತ ಯಾವುದು, ಕುಯ್ದ ಗಾಯದ್ದು ಯಾವುದು ಎಂದು ಅವಳು ಚೀಟಿ ಓದದೆ ಹೇಳುತ್ತಿದ್ದಳು. ಹೆಂಗಸರ ವಾರ್ಡಿನಿಂದ ಅಪರೂಪಕ್ಕೆ ಒಂದು ಹಾಸು ಬರುತ್ತಿತ್ತು. ಮಾಂಸ ತೊಳೆದ ನೀರಿನ ಬಣ್ಣ, ಮೂಗಿಗೆ ಹತ್ತಿ ಕೂರುವ ವಾಸನೆ. "ಪಾಪ, ಇವಳಿಗೆ ಇನ್ನು ಹೆಚ್ಚು ದಿನ ಇಲ್ಲ," ಎನ್ನುತ್ತಿದ್ದಳು. ಅಂಥವು ಹನ್ನೊಂದು ಬಂದಿದ್ದವು. ಅವಳ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ.

ಮೂರು ತಿಂಗಳ ಹಿಂದೆ ಅದೇ ಬಣ್ಣ ಅವಳ ಒಳಲಂಗದಲ್ಲಿ ಕಂಡಿತು. ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು.

ಅವಳು ಅದನ್ನು ತಣ್ಣೀರಿಗೆ ಹಾಕಿದಳು. ಉಜ್ಜಿದಳು, ಕುದಿಸಿದಳು, ಒಣಗಿಸಿದಳು. ಮತ್ತೆ ಕಂಡಾಗ ಮತ್ತೆ ಒಗೆದಳು. ಕಲೆ ಕಂಡರೆ ಕೈ ತಾನಾಗಿ ನೀರಿಗೆ ಹೋಗುತ್ತಿತ್ತು. ಕೊನೆಗೆ ಗಿಡ್ಡಿಯೇ ರಟ್ಟೆ ಹಿಡಿದು ಮೂರನೇ ಮಹಡಿಗೆ ಕಳಿಸಿದಳು. "ಮೇಲೆ ಬೋರ್ಡು ಹಾಕವ್ರೆ ಕಣಕ್ಕಾ. ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ ಕೂಡ್ಲೆ ಬನ್ನಿ, ಗರ್ಭಕೋಶದ ಬಾಯಿ ನೋಡ್ತೀವಿ, ಐದೇ ನಿಮಿಷ ಅಂತ. ನಾನೇ ಓದಿದೀನಿ."

ಡಾಕ್ಟರ ಮುಂದೆ ಕೊಳಕಾಗಿ ಹೋಗುವುದು ಹೇಗೆ? ದೊಡ್ಡಕ್ಕ ಮಿಂದು, ಒಗೆದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಹೋದಳು. ಅವಳು ಮಾಡಿದ ತಪ್ಪು ಅದೇ.

"ಎಲ್ಲಿದೆ ರಕ್ತ?" ಡಾಕ್ಟರಮ್ಮ ತಲೆ ಎತ್ತದೆ ಕೇಳಿದಳು.

"ಒಗೆದುಬಿಟ್ಟೆ ಅಮ್ಮಾ."

ಸಿಸ್ಟರ್ ನಕ್ಕಳು. "ಒಗೆಯೋದು ಬಿಟ್ಟು ಬೇರೇನು ಗೊತ್ತು ಇವ್ರಿಗೆ. ಮೇಡಂ, ಇದು ಕೆಳಗಿನ ಲಾಂಡ್ರಿದು, ಕಾಂಟ್ರಾಕ್ಟಿಂದು. ಕೆಲ್ಸ ತಪ್ಪಿಸ್ಕೊಳ್ಳೋಕೆ ಬಂದಿರುತ್ತೆ."

"ಈ ವಯಸ್ಸಲ್ಲಿ ಹೀಗೇ ಆಗುತ್ತೆ," ಎಂದಳು ಡಾಕ್ಟರಮ್ಮ. "ಬಿಸಿ ಏರುತ್ತೆ, ನಿದ್ದೆ ಬರಲ್ಲ, ಅಲ್ಲಿ ಇಲ್ಲಿ ಸ್ವಲ್ಪ ಕಾಣುತ್ತೆ. ಗಂಡನ್ನ ದೂರ ಇಡು."

"ಅವನು ಹೋಗಿ ಒಂಬತ್ತು ವರ್ಷ ಆಯ್ತಮ್ಮಾ."

"ಇನ್ಯಾರನ್ನ ಹತ್ರ ಇಟ್ಕೊಂಡಿದ್ದೀಯೋ ಅವನನ್ನ ದೂರ ಇಡು," ಎಂದಳು ಸಿಸ್ಟರ್.

ಗಿಡ್ಡಿ ಹೇಳಿದ ಬೋರ್ಡು ಡಾಕ್ಟರಮ್ಮನ ಬೆನ್ನ ಹಿಂದೆಯೇ ಇತ್ತು. ಅದರಲ್ಲಿದ್ದ ಹೆಂಗಸು ಹಲ್ಲು ಬಿಟ್ಟು ನಗುತ್ತಿದ್ದಳು. ದೊಡ್ಡಕ್ಕನಿಗೆ ಸಿಕ್ಕಿದ್ದು ರಕ್ತ ಹೆಚ್ಚಿಸುವ ಹತ್ತು ಗುಳಿಗೆ.

ಗುಳಿಗೆ ಮುಗಿಯಿತು. ಬಣ್ಣ ಹೋಗಲಿಲ್ಲ. ಈಗ ವಾಸನೆಯೂ ಸೇರಿತು.

"ಇನ್ನೊಂದ್ಸಲ ಹೋಗು," ಎಂದಳು ಗಿಡ್ಡಿ.

"ಮುಟ್ಟಿ ನೋಡಲ್ಲ ಕಣೇ ಅವ್ರು."

"ಹಾಗಾದ್ರೆ ಒಗೀಬೇಡ."

ದೊಡ್ಡಕ್ಕ ಮೂರು ದಿನ ಲಂಗ ಬದಲಿಸಲಿಲ್ಲ. ನೀರಿನ ತೊಟ್ಟಿ ಪಕ್ಕದಲ್ಲೇ ಇತ್ತು, ಕೈ ಚಡಪಡಿಸುತ್ತಿತ್ತು. ಹಸಿದವಳು ಅನ್ನದ ಮುಂದೆ ಕೂತಂತೆ ಕೂತಳು.

ಬುಧವಾರ ಮೂರನೇ ಮಹಡಿಯಲ್ಲಿ ತಪಾಸಣೆಯ ದಿನ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಹಾಸಿನ ಲೆಕ್ಕದಲ್ಲಿ ಮೂವತ್ತು ಹಾಸನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುವವಳು ದೊಡ್ಡಕ್ಕನೇ. ಅಂದು ಅವಳ ಗಾಡಿಯಲ್ಲಿ ಒಂದೇ ಹಾಸು ಇತ್ತು. ಉಳಿದ ಇಪ್ಪತ್ತೊಂಬತ್ತರ ಮೇಲೆ ಗಿಡ್ಡಿ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಪರೀಕ್ಷೆಯ ಕೋಣೆಗೆ ಹೋಗಿ ದೊಡ್ಡಕ್ಕ ಆ ಹಾಸನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹಾಸಿದಳು. ಆಮೇಲೆ ಸೀರೆ ಎತ್ತಿ ತಾನೇ ಹತ್ತಿ ಮಲಗಿದಳು. ಮೇಜಿನ ತುದಿಯಲ್ಲಿದ್ದ ಕಬ್ಬಿಣದ ಕೊಂಡಿಗಳಿಗೆ ಕಾಲು ಏರಿಸಿದಳು.

"ಏಯ್, ಇಳಿಯೇ ಕೆಳಗೆ. ಏನೇ ಇದು ನಾತ, ಥೂ," ಸಿಸ್ಟರ್ ಮೂಗು ಮುಚ್ಚಿಕೊಂಡಳು.

"ನಿಮ್ಮ ವಾರ್ಡಿನದೇ ನಾತ ಸಿಸ್ಟರ್. ನೀವು ಗಂಟು ಕಟ್ಟಿ ಕೆಳಗೆ ಎಸೀತೀರಿ, ನಾವು ಬಿಚ್ತೀವಿ."

ಡಾಕ್ಟರಮ್ಮ ಒಳಗೆ ಬಂದಳು. ಸಿಸ್ಟರ್ ಲಾಂಡ್ರಿಗೆ ಫೋನ್ ಹಚ್ಚಿದಳು. ಗಿಡ್ಡಿಯ ದನಿ ಫೋನಿನಾಚೆಗೂ ಕೇಳಿಸಿತು: "ಹಾಸು ರೆಡಿ ಅವೆ ಸಿಸ್ಟರ್. ಮೊದ್ಲು ದೊಡ್ಡಕ್ಕನ್ನ ನೋಡಿ. ಆಮೇಲೆ ಕಳಿಸ್ತೀವಿ." ಆಚೆಯಿಂದ ಸೂಪರ್‌ವೈಸರ್ ಅರಚುತ್ತಿದ್ದ. ಇಸ್ತ್ರಿ ಯಂತ್ರದ ಸದ್ದಿರಲಿಲ್ಲ.

ಬಾಗಿಲಲ್ಲಿ ಟೋಕನ್ ಹಿಡಿದ ಹೆಂಗಸರು ಇಣುಕಿದರು. "ನಮಗೆ ಲೇಟಾಗುತ್ತೆ, ಇವಳದೇನು ಗೋಳು," ಎಂದಳೊಬ್ಬಳು. ಹಿಂದಿದ್ದ ಮುದುಕಿ ಅವಳ ಭುಜ ಸರಿಸಿ ಒಳಗೆ ನೋಡಿದಳು. "ಗೋಳು ಕಾಣ್ತಿಲ್ವೇನೇ ನಿಂಗೆ? ನೋಡ್ಲಿ ಬಿಡು ಮೊದ್ಲು."

"ಸೆಕ್ಯೂರಿಟಿನ ಕರೀರಿ," ಎಂದಳು ಡಾಕ್ಟರಮ್ಮ. ಕೈಗವಸಿನ ಡಬ್ಬಿ ಅವಳ ಮೊಣಕೈ ಪಕ್ಕದಲ್ಲೇ ಇತ್ತು.

"ಕರೀರಿ ಅಮ್ಮಾ," ಎಂದಳು ದೊಡ್ಡಕ್ಕ. "ಈ ಬಣ್ಣದ್ದು ಹನ್ನೊಂದು ಒಗ್ದಿದೀನಿ. ಹನ್ನೊಂದು ಹೆಂಗಸ್ರೂ ಹೆಣವಾಗೇ ಇಳಿದ್ರು. ಇದು ಹನ್ನೆರಡನೇದು. ಇದನ್ನ ನಾನು ಒಗಿಯಲ್ಲ."

ಕಾರಿಡಾರಿನಲ್ಲಿ ಬೂಟಿನ ಸದ್ದು ಹತ್ತಿರವಾಯಿತು. ಬಿಳಿ ಹಾಸಿನ ಮೇಲೆ ಕಲೆ ನಿಧಾನವಾಗಿ ಅಗಲವಾಗುತ್ತಿತ್ತು. ಮೇಜಿನ ಪಕ್ಕ ಕತ್ತು ಬಗ್ಗಿಸಿ ನಿಂತಿದ್ದ ದೀಪವನ್ನು ದೊಡ್ಡಕ್ಕ ಕೈ ಚಾಚಿ ಎಳೆದಳು, ತನ್ನ ತೊಡೆಗಳ ನಡುವಿಗೆ ತಿರುಗಿಸಿದಳು, ಸ್ವಿಚ್ಚು ಒತ್ತಿದಳು.